ಗೋಧಿ ಸೇರದ ಬೀಫ್ ಜರ್ಕಿ: ಕೊಳ್ಳುವಾಗ, ಮಾಡುವಾಗ, ಸಾರಿಗೆ ಹಾಕುವಾಗ

ನನ್ನ ಮಗಳಿಗೆ ಒಂಬತ್ತು ವರ್ಷವಾಗಿದ್ದಾಗ ಸೀಲಿಯಾಕ್ ಕಾಯಿಲೆ ಇದೆ ಅಂತ ಗೊತ್ತಾಯಿತು. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಅನ್ನುವ ಪ್ರೋಟೀನ್ ಹೊಟ್ಟೆಗೆ ಹೋದರೆ ಅವಳ ಸಣ್ಣ ಕರುಳಿನ ಒಳಪದರ ಹಾಳಾಗುತ್ತದೆ. ಇದಕ್ಕೆ ಇರುವ ಚಿಕಿತ್ಸೆ ಒಂದೇ, ಜೀವನಪೂರ್ತಿ ಗ್ಲುಟೆನ್ ಬಿಡುವುದು. ಚಪಾತಿ, ಶಾವಿಗೆ, ರವೆ, ಬ್ರೆಡ್ ಎಲ್ಲವನ್ನೂ ಮನೆಯಿಂದ ಆಚೆ ಹಾಕಿದೆವು. ಮಾಂಸದ ಬಗ್ಗೆ ಮಾತ್ರ ನನಗೆ ಚಿಂತೆಯೇ ಇರಲಿಲ್ಲ.

ನಾವಿರುವುದು ಟೆಕ್ಸಸ್‌ನ ಸ್ಯಾನ್ ಆಂಟೋನಿಯೊ ಹತ್ತಿರ. ಇಲ್ಲಿ ದಾರಿಯುದ್ದಕ್ಕೂ ಗ್ಯಾಸ್ ಸ್ಟೇಷನ್‌ಗಳಲ್ಲಿ ಬೀಫ್ ಜರ್ಕಿ ಸಿಗುತ್ತದೆ. ದನದ ಮಾಂಸವನ್ನು ತೆಳ್ಳಗೆ ಸೀಳಿ, ಮಸಾಲೆ ಹಚ್ಚಿ ಒಣಗಿಸಿದ ಪಟ್ಟಿಗಳು. ಒಂದು ಸಲ ಡಲ್ಲಾಸ್‌ಗೆ ಹೋಗುವಾಗ ಮಗಳು ಹಸಿವು ಅಂದಳು. ಚಿಪ್ಸ್‌ಗಿಂತ ಇದು ಮೇಲು ಅಂತ ಒಂದು ಪೊಟ್ಟಣ ಕೊಡಿಸಿದೆ. ಅವತ್ತು ರಾತ್ರಿ ಹೋಟೆಲ್ ರೂಮಿನಲ್ಲಿ ಮಗು ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗಿದ್ದಳು. ಕಾರಿನ ಸೀಟಿನ ಕೆಳಗೆ ಬಿದ್ದಿದ್ದ ಪೊಟ್ಟಣ ಹುಡುಕಿ ತಂದು ಹಿಂಭಾಗ ಓದಿದೆ. ಸೋಯಾ ಸಾಸ್, ಅದರ ಪಕ್ಕದಲ್ಲಿ ಚಿಕ್ಕ ಅಕ್ಷರದಲ್ಲಿ ನೀರು, ಸೋಯಾ, ಗೋಧಿ, ಉಪ್ಪು.

ಮಾಮೂಲಿ ಸೋಯಾ ಸಾಸನ್ನು ಸೋಯಾಕಾಳಿನ ಜೊತೆ ಗೋಧಿಯನ್ನೂ ಸೇರಿಸಿ ಹುಳಿ ಬರಿಸಿ ಮಾಡುತ್ತಾರೆ. ನನಗೆ ಅದು ಅವತ್ತಿನವರೆಗೆ ಗೊತ್ತಿರಲಿಲ್ಲ. ಮಾಂಸದಲ್ಲಿ ಗ್ಲುಟೆನ್ ಇಲ್ಲ. ಅದು ಬರುವುದು ಮಾಂಸ ನೆನೆಸಿದ ನೀರಿನಿಂದ. ಜರ್ಕಿ ವಿಷಯದಲ್ಲಿ ಇದೊಂದನ್ನು ತಲೆಯಲ್ಲಿಟ್ಟುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಪೊಟ್ಟಣ ಓದುವ ಬಗೆ

ಅಮೆರಿಕದಲ್ಲಿ ‘ಗ್ಲುಟೆನ್ ಫ್ರೀ’ ಅಂತ ಬರೆಯಬೇಕಾದರೆ ಆ ತಿನಿಸಿನಲ್ಲಿ ಗ್ಲುಟೆನ್ 20 ಪಿಪಿಎಂಗಿಂತ ಕಡಿಮೆ ಇರಬೇಕು. ಅಂದರೆ ಒಂದು ಕಿಲೋದಲ್ಲಿ 20 ಮಿಲಿಗ್ರಾಮ್‌ಗಿಂತ ಕಡಿಮೆ. ಅಲ್ಲಿನ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲಿ ಈ ನಿಯಮ ಮಾಡಿತು. ಹಾಗಾಗಿ ಆ ಎರಡು ಪದ ಇರುವ ಪೊಟ್ಟಣವನ್ನೇ ಮೊದಲು ಹುಡುಕಿ.

ಇಲ್ಲದಿದ್ದರೆ ಪದಾರ್ಥಗಳ ಪಟ್ಟಿಯನ್ನು ಮೊದಲಿಂದ ಕೊನೆಯವರೆಗೆ ಓದಲೇಬೇಕು. ಬಿಸ್ಕೆಟ್, ಸೂಪಿನ ಪೊಟ್ಟಣದಲ್ಲಿ ಕೊನೆಗೆ ‘ಕಂಟೇನ್ಸ್ ವೀಟ್’ ಅಂತ ದಪ್ಪಗೆ ಬರೆದಿರುತ್ತದಲ್ವಾ, ಜರ್ಕಿಯಲ್ಲಿ ಆ ಸಾಲನ್ನು ನಂಬಿಕೊಂಡು ಕೂರುವ ಹಾಗಿಲ್ಲ. ಮಾಂಸದ ತಿನಿಸು ಬರುವುದು ಎಫ್‌ಡಿಎ ಕೆಳಗಲ್ಲ, ಅಮೆರಿಕದ ಕೃಷಿ ಇಲಾಖೆಯಾದ ಯುಎಸ್‌ಡಿಎ ಕೆಳಗೆ. ಪದಾರ್ಥಗಳ ಪಟ್ಟಿಯಲ್ಲಿ ಗೋಧಿಯ ಹೆಸರು ಇರಲೇಬೇಕು, ಆದರೆ ಆ ಕೊನೆಯ ಸಾಲು ಅಲ್ಲಿ ಕಡ್ಡಾಯವಲ್ಲ. ನಾನು ಹುಡುಕುವ ಹೆಸರುಗಳು ಇವು: ಸೋಯಾ ಸಾಸ್, ತೆರಿಯಾಕಿ (ಸೋಯಾ ಸಾಸ್ ಹಾಕಿ ಮಾಡುವ ಸಿಹಿ ಜಪಾನಿ ಸಾಸ್), ಮಾಲ್ಟ್ ವಿನೆಗರ್, ಮಾಲ್ಟ್ ಎಕ್ಸ್‌ಟ್ರಾಕ್ಟ್, ಬಿಯರ್, ಹೈಡ್ರೊಲೈಸ್ಡ್ ವೀಟ್ ಪ್ರೋಟೀನ್. ಮಾಲ್ಟ್ ಅಂದರೆ ಸಾಮಾನ್ಯವಾಗಿ ಬಾರ್ಲಿ. ವುಸ್ಟರ್‌ಶೈರ್ ಸಾಸ್ ಕಂಡರೆ ಅದರಲ್ಲಿ ಯಾವ ವಿನೆಗರ್ ಅಂತ ನೋಡಿ. ‘ಟಮಾರಿ’ ಅಂತಿದ್ದರೆ, ಅದು ಜಪಾನಿನ ಒಂದು ಬಗೆಯ ಸೋಯಾ ಸಾಸ್, ಅದರಲ್ಲಿ ಸಾಮಾನ್ಯವಾಗಿ ಗೋಧಿ ಇರುವುದಿಲ್ಲ, ಆದರೂ ಕೆಲವರು ಸ್ವಲ್ಪ ಸೇರಿಸುತ್ತಾರೆ, ಓದಿಯೇ ಕೊಳ್ಳಿ. ಸೋಯಾ ಸಾಸ್ ಬದಲು ಕೋಕೊನಟ್ ಅಮಿನೋಸ್ (ತೆಂಗಿನ ಹೊಂಬಾಳೆಯ ರಸದಿಂದ ಮಾಡಿದ ಸಾಸ್) ಹಾಕಿದ ಜರ್ಕಿಯೂ ಸಿಗುತ್ತದೆ, ಅದು ಸ್ವಲ್ಪ ಸಿಹಿ.

ದಕ್ಷಿಣ ಆಫ್ರಿಕಾದ ಒಣಮಾಂಸ ಬಿಲ್ಟಾಂಗ್ ಸಿಕ್ಕರೆ ಒಮ್ಮೆ ತಿಂದು ನೋಡಿ. ಅದಕ್ಕೆ ಸಾಮಾನ್ಯವಾಗಿ ಹಾಕುವುದು ವಿನೆಗರ್, ಉಪ್ಪು, ಮೆಣಸು, ಹುರಿದ ಕೊತ್ತಂಬರಿ ಬೀಜ. ಮೊದಲ ತುತ್ತಿಗೇ ನನಗೆ ಮಳವಳ್ಳಿಯ ನಮ್ಮ ಅಡುಗೆಮನೆ ನೆನಪಾಯಿತು.

ಎಷ್ಟು ತಿನ್ನಬಹುದು

ಮಗಳಿಗೆ ಕಾಯಿಲೆ ಗೊತ್ತಾದಾಗ ರಕ್ತದಲ್ಲಿ ಕಬ್ಬಿಣಾಂಶ ತೀರಾ ಕಡಿಮೆ ಇತ್ತು. ಸೀಲಿಯಾಕ್ ಇರುವವರಲ್ಲಿ ಇದು ಮಾಮೂಲು, ಯಾಕೆಂದರೆ ಕಬ್ಬಿಣ ಮೈಗೆ ಸೇರುವುದು ಸಣ್ಣ ಕರುಳಿನ ಮೊದಲ ಭಾಗದಲ್ಲಿ, ಹಾಳಾಗುವುದೂ ಅದೇ ಭಾಗ. ಸೊಪ್ಪಿನ ಕಬ್ಬಿಣಕ್ಕಿಂತ ಮಾಂಸದ ಕಬ್ಬಿಣ ಸುಲಭವಾಗಿ ಮೈಗೆ ಹತ್ತುತ್ತದೆ. ಜರ್ಕಿಯಲ್ಲಿ ಸತುವು, ಬಿ12 ಕೂಡ ಇವೆ. ಒಂದು ಔನ್ಸ್, ಅಂದರೆ 28 ಗ್ರಾಮ್ ಜರ್ಕಿಯಲ್ಲಿ ಸುಮಾರು 9ರಿಂದ 12 ಗ್ರಾಮ್ ಪ್ರೋಟೀನ್, 80ರಿಂದ 115 ಕ್ಯಾಲೊರಿ. ನೀರು ಹೋಗಿರುವುದರಿಂದ ಅಂಗೈಯಗಲದ ತುಂಡಿನಲ್ಲೇ ಇಷ್ಟು ಕಸುವು.

ಆದರೆ ಉಪ್ಪು ಜಾಸ್ತಿ. ಅಂಗಡಿಯ ಜರ್ಕಿಯ ಒಂದು ಔನ್ಸಿನಲ್ಲಿ 400ರಿಂದ 600 ಮಿಲಿಗ್ರಾಮ್ ಸೋಡಿಯಂ ಇರುವುದು ಸಾಮಾನ್ಯ. ಒಂಬತ್ತರಿಂದ ಹದಿಮೂರು ವರ್ಷದ ಮಕ್ಕಳಿಗೆ ಅಮೆರಿಕದಲ್ಲಿ ಹೇಳುವ ದಿನದ ಮಿತಿ 1800 ಮಿಲಿಗ್ರಾಮ್, ದೊಡ್ಡವರಿಗೆ 2300. ಒಂದು ಔನ್ಸ್ ತಿಂದರೆ ಮಗುವಿನ ದಿನದ ಉಪ್ಪಿನಲ್ಲಿ ಮೂರನೇ ಒಂದು ಭಾಗದವರೆಗೆ ಮುಗಿದುಹೋಗಬಹುದು. ಸಿಹಿ ಜರ್ಕಿಯಲ್ಲಿ ಸಕ್ಕರೆಯೂ ಇರುತ್ತದೆ. ನಾರು ಒಂಚೂರೂ ಇಲ್ಲ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು, ಜರ್ಕಿಯೂ ಆ ಗುಂಪಿನದೇ. ಅದಕ್ಕೇ ನಮ್ಮ ಮನೆಯಲ್ಲಿ ವಾರಕ್ಕೆ ಎರಡು ದಿನ, ಅದೂ ಕಾಳು ತರಕಾರಿ ಜೊತೆಗೆ. ಬಿಪಿ ಇರುವ ನನ್ನ ಗಂಡನಿಗೆ ತಿಂಗಳಿಗೊಮ್ಮೆ ಸಾಕು.

ಮನೆಯಲ್ಲಿ ಮಾಡುವುದು

ಡಲ್ಲಾಸಿನಿಂದ ಬಂದ ವಾರ ಅವ್ವನಿಗೆ ಫೋನ್ ಮಾಡಿ ಅತ್ತೆ. ಅವಳು ಎಲ್ಲ ಕೇಳಿಸಿಕೊಂಡು, ‘ಬಾಡು ಒಣಗ್ಸಕ್ಕೆ ಆ ಸಾಸು ಈ ಸಾಸು ಯಾಕವ್ವ? ಉಪ್ಪು, ಕಾರ, ಅರಿಸಿನ ಸಾಕು ಕಣವ್ವ. ನಿಮ್ಮಜ್ಜಿ ಇನ್ನೇನ್ ಹಾಕ್ತಿದ್ಲು?’ ಅಂದಳು.

ನಿಜ. ಬೇಸಿಗೆಯಲ್ಲಿ ಅಜ್ಜಿ ಬಾಡನ್ನು ಉದ್ದುದ್ದಕ್ಕೆ, ರಿಬ್ಬನ್ನಿನ ಹಾಗೆ ಸೀಳುತ್ತಿದ್ದಳು. ಕೈ ಎತ್ತಿ ಹಿಡಿದರೆ ತುಂಡಿನ ತುದಿ ಅವಳ ಮಂಡಿ ಮುಟ್ಟುತ್ತಿತ್ತು. ಉಪ್ಪು ಕಾರ ಅರಿಸಿನ ಸವರಿ ಅಂಗಳದ ಹಗ್ಗದ ಮೇಲೆ ಹಾಕಿ, ಕಾಗೆ ಓಡಿಸಲು ನನ್ನ ಕೈಗೆ ಕೋಲು ಕೊಡುತ್ತಿದ್ದಳು. ಸಂಜೆ ಅದೇ ಹಗ್ಗ ಒಲೆಯ ಮೇಲಕ್ಕೆ, ಹೊಗೆಗೆ. ಮಳೆಗಾಲದಲ್ಲಿ ಆ ಒಣಬಾಡನ್ನು ಕೆಂಡದ ಮೇಲೆ ಸುಟ್ಟು, ಕಲ್ಲಿನಿಂದ ಜಜ್ಜಿ ಸಾರಿಗೆ ಹಾಕುತ್ತಿದ್ದಳು. ಜರ್ಕಿ ಅನ್ನುವ ಹೆಸರು ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟದ ಕೆಚುವಾ ಭಾಷೆಯ ‘ಚಾರ್ಕಿ’ಯಿಂದ ಬಂದದ್ದು. ಅಲ್ಲಿಯೂ ಅದು ಒಣಗಿಸಿದ ಮಾಂಸವೇ.

ಈಗ ನಾನು ಮಾಡುವ ರೀತಿ ಹೇಳುತ್ತೇನೆ. ಎರಡು ಪೌಂಡ್, ಅಂದರೆ ಸುಮಾರು 900 ಗ್ರಾಮ್ ‘ಐ ಆಫ್ ರೌಂಡ್’ ತನ್ನಿ. ಅದು ಹಿಂಗಾಲಿನ ಕಡೆಯ ಕೊಬ್ಬಿಲ್ಲದ ಭಾಗ. ಕೊಬ್ಬು ಉಳಿದರೆ ಬೇಗ ಕಮಟು ವಾಸನೆ ಬರುತ್ತದೆ, ಬಿಳಿ ಅಂಚನ್ನೆಲ್ಲ ಕೆತ್ತಿ ತೆಗೆಯಿರಿ. ಒಂದೂವರೆ ಗಂಟೆ ಫ್ರೀಜರ್‌ನಲ್ಲಿಟ್ಟರೆ ಗಟ್ಟಿಯಾಗಿ ಕತ್ತರಿಸಲು ಸಲೀಸು. ಕಾಲು ಇಂಚು ದಪ್ಪಕ್ಕಿಂತ ಹೆಚ್ಚಾಗಬಾರದು. ಎಳೆಗೆ ಅಡ್ಡಲಾಗಿ ಕತ್ತರಿಸಿದರೆ ಮೆತ್ತಗೆ, ಎಳೆಯ ಉದ್ದಕ್ಕೆ ಸೀಳಿದರೆ ಅಜ್ಜಿಯ ಬಾಡಿನ ಹಾಗೆ ಜಗಿಯಬೇಕು. ಮಕ್ಕಳಿಗೆ ಅಡ್ಡ ಕತ್ತರಿಸಿದ್ದೇ ಒಳ್ಳೆಯದು.

ಮಸಾಲೆಗೆ ಪುಡಿ ಉಪ್ಪು ಎರಡು ಟೀ ಚಮಚ, ಬ್ಯಾಡಗಿ ಮೆಣಸಿನ ಪುಡಿ ಎರಡು, ಕುಟ್ಟಿದ ಕಾಳುಮೆಣಸು ಒಂದು, ಅರಿಸಿನ ಅರ್ಧ, ಹುರಿದು ತರಿತರಿಯಾಗಿ ಕುಟ್ಟಿದ ಕೊತ್ತಂಬರಿ ಬೀಜ ಮೂರು ಚಮಚ, ಅರೆದ ಬೆಳ್ಳುಳ್ಳಿ ಎಂಟು ಎಸಳು, ಆಪಲ್ ಸೈಡರ್ ವಿನೆಗರ್ ಕಾಲು ಕಪ್. ಇಂಗು ಮಾತ್ರ ಹಾಕಬೇಡಿ. ನಮ್ಮ ಅಂಗಡಿಗಳಲ್ಲಿ ಸಿಗುವ ಇಂಗಿನ ಪುಡಿಗೆ ಬಹಳ ಸಲ ಗೋಧಿ ಹಿಟ್ಟು ಅಥವಾ ಮೈದಾ ಬೆರೆಸಿರುತ್ತಾರೆ. ಡಬ್ಬಿಯ ಮೇಲೆ ಬರೆದೇ ಇರುತ್ತದೆ, ನಾವು ಓದುವುದಿಲ್ಲ ಅಷ್ಟೆ. ಇಂಗು ಹಾಕಿದ ಸಾರಿನ ಪುಡಿಗೂ ಇದೇ ಮಾತು. ನಾನು ಮಸಾಲೆಯನ್ನೆಲ್ಲ ಇಡಿಯಾಗಿ ತಂದು ಮನೆಯಲ್ಲೇ ಪುಡಿ ಮಾಡುತ್ತೇನೆ.

ಎಲ್ಲ ಕಲೆಸಿ ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಹೊರಗೆ ಇಡಬೇಡಿ.

ಮುಂದಿನ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ. ಒಣಗಿಸುವ ಮೊದಲು ಮಾಂಸದ ಒಳಗಿನ ಬಿಸಿ 160 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು ಅಂತ ಯುಎಸ್‌ಡಿಎ ಹೇಳುತ್ತದೆ. ಕಾರಣ ಇದೆ. ಡಿಹೈಡ್ರೇಟರ್‌ನಲ್ಲಿ, ಅಂದರೆ ತಿನಿಸು ಒಣಗಿಸುವ ಯಂತ್ರದಲ್ಲಿ, ಹಸಿ ಮಾಂಸ ಇಟ್ಟರೆ, ನೀರು ಆವಿಯಾಗುತ್ತಿರುವಷ್ಟು ಹೊತ್ತು ಮಾಂಸ ತಣ್ಣಗೇ ಇರುತ್ತದೆ. ಅಷ್ಟರಲ್ಲಿ ಇ. ಕೋಲಿ, ಸಾಲ್ಮೊನೆಲ್ಲಾದಂಥ ರೋಗಾಣುಗಳು ಒಣ ಬಿಸಿಯನ್ನು ತಡೆದುಕೊಳ್ಳುವಷ್ಟು ಗಟ್ಟಿಯಾಗುತ್ತವೆ. ಆಮೇಲೆ ಎಷ್ಟು ಒಣಗಿಸಿದರೂ ಸಾಯದೆ ಉಳಿಯಬಹುದು. ನಾನು ಇದಕ್ಕೆ ಇಡ್ಲಿ ಪಾತ್ರೆ ಬಳಸುತ್ತೇನೆ. ನೀರು ಕುದಿ ಬಂದ ಮೇಲೆ ಪಟ್ಟಿಗಳನ್ನು ತಟ್ಟೆಯಲ್ಲಿ ಹರಡಿ ಹಬೆಯಲ್ಲಿ ಬೇಯಿಸಿ, ನಾಲ್ಕೈದು ಪಟ್ಟಿ ಒಂದರ ಮೇಲೊಂದು ಇಟ್ಟು ನಡುವೆ ಥರ್ಮಾಮೀಟರ್ ಚುಚ್ಚಿ ನೋಡುತ್ತೇನೆ. ಬಣ್ಣ ನೋಡಿ ಅಂದಾಜು ಮಾಡುವುದು ಬೇಡ. ಅಜ್ಜಿಯ ಹಾಗೆ ಬಿಸಿಲಲ್ಲಿ ಒಣಗಿಸುವ ಆಸೆ ನನಗೂ ಇದೆ, ಆದರೆ ಇಲ್ಲಿನ ಸೆಕೆಯಲ್ಲಿ, ಕರುಳು ಈಗಾಗಲೇ ನೊಂದಿರುವ ಮಗುವಿಗೆ, ಆ ಸಾಹಸ ಮಾಡಲಾರೆ.

ಆಮೇಲೆ ಪಟ್ಟಿಗಳ ನೀರು ಒರೆಸಿ, ಒಂದಕ್ಕೊಂದು ತಾಗದ ಹಾಗೆ ಹರಡಿ, 140 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಒಣಗಿಸಿ. ನಮ್ಮ ಡಿಹೈಡ್ರೇಟರ್‌ನಲ್ಲಿ ಸುಮಾರು ಐದು ಗಂಟೆ ಬೇಕು. ಗಂಟೆಗಿಂತ ಹದ ಮುಖ್ಯ. ಒಂದು ತುಂಡನ್ನು ತೆಗೆದು ಪೂರ್ತಿ ಆರಲು ಬಿಡಿ. ಬಗ್ಗಿಸಿದರೆ ಬಿರುಕು ಬಿಟ್ಟು ಒಳಗಿನ ಬಿಳಿ ಎಳೆ ಕಾಣಬೇಕು, ಆದರೆ ಎರಡು ತುಂಡಾಗಬಾರದು. ಬಿಸಿಯಲ್ಲಿ ಬಗ್ಗಿಸಿದರೆ ಎಲ್ಲವೂ ಮೆತ್ತಗೇ ಅನ್ನಿಸುತ್ತದೆ. 900 ಗ್ರಾಮ್ ಮಾಂಸ ಕೊನೆಗೆ 300 ಗ್ರಾಮ್ ಆಸುಪಾಸು ಉಳಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಟ್ಟರೆ ಒಂದೆರಡು ತಿಂಗಳು ಬರುತ್ತದೆ.

ನೆಂಟರ ಡಿಹೈಡ್ರೇಟರ್ ಸಾಲ ತರುವವರು, ಅದರಲ್ಲಿ ಮೊದಲು ಏನು ಒಣಗಿಸಿದ್ದರು ಅಂತ ಕೇಳಿ. ಮರದ ಮಣೆ, ಚಪಾತಿ ಲಟ್ಟಿಸುವ ಕಟ್ಟೆ, ಹಳೇ ಜರಡಿ, ಇವುಗಳ ಸಂದಿಯಲ್ಲಿ ಗೋಧಿ ಹಿಟ್ಟು ಕೂತಿರುತ್ತದೆ.

ಅಡುಗೆಗೆ

ಟೆಕ್ಸಸ್‌ನಲ್ಲಿ, ಗಡಿಯಾಚೆ ಉತ್ತರ ಮೆಕ್ಸಿಕೊದಲ್ಲಿ, ಒಣ ಮಾಂಸವನ್ನು ಕುಟ್ಟಿ ಮೊಟ್ಟೆ ಜೊತೆ ಹುರಿಯುತ್ತಾರೆ. ಅದರ ಹೆಸರು ಮಚಾಕಾಡೊ ಕಾನ್ ವೆವೊ. ನಮ್ಮ ಶನಿವಾರದ ತಿಂಡಿ ಇದೇ. ಎರಡು ಪಟ್ಟಿ ಜರ್ಕಿಯನ್ನು ಒರಳಲ್ಲಿ ಎಳೆ ಎಳೆಯಾಗುವ ತನಕ ಕುಟ್ಟಿ, ಎಣ್ಣೆಯಲ್ಲಿ ಈರುಳ್ಳಿ, ಹಸಿಮೆಣಸಿನಕಾಯಿ ಜೊತೆ ಬಾಡಿಸಿ, ಟೊಮೆಟೊ ಹಾಕಿ, ಮೂರು ಮೊಟ್ಟೆ ಒಡೆದು ಕೈಯಾಡಿಸಿ. ಉಪ್ಪು ಬೇಕಾಗುವುದೇ ಇಲ್ಲ. ಮೆಕ್ಕೆಜೋಳದ ಟೋರ್ಟಿಯಾದಲ್ಲಿ (ತೆಳು ರೊಟ್ಟಿ) ಸುತ್ತಿ ತಿನ್ನಿ, ಗೋಧಿಯ ಟೋರ್ಟಿಯಾ ಬೇಡ. ಅಕ್ಕಿರೊಟ್ಟಿಗೂ ಚೆನ್ನಾಗಿ ಹೊಂದುತ್ತದೆ. ಸಿಹಿ ತೆರಿಯಾಕಿ ಬಗೆಯ ಜರ್ಕಿ ಗ್ಲುಟೆನ್ ಇಲ್ಲದ್ದಾದರೂ ಇದಕ್ಕೆ ಸರಿಹೋಗುವುದಿಲ್ಲ, ತಳ ಹಿಡಿಯುತ್ತದೆ.

ಇನ್ನು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು, ಹುರುಳಿಕಾಳು ಹಾಕಿದ ಸಾರು, ಜೊತೆಗೆ ರಾಗಿ ಮುದ್ದೆ. ಜರ್ಕಿಯಲ್ಲಿಲ್ಲದ ನಾರು ಕಾಳಿನಿಂದ ಬರುತ್ತದೆ. ಹುರುಳಿಕಾಳನ್ನು ರಾತ್ರಿಯೇ ನೆನೆಹಾಕಿ. ನಾಲ್ಕು ಜನಕ್ಕೆ 80 ಗ್ರಾಮ್ ಜರ್ಕಿ ಸಾಕು. ಬಿಸಿ ನೀರಲ್ಲಿ ಹತ್ತು ನಿಮಿಷ ನೆನೆಸಿ ಆ ನೀರು ಚೆಲ್ಲಿ, ಅದರ ಜೊತೆ ಒಂದಿಷ್ಟು ಉಪ್ಪೂ ಹೋಗುತ್ತದೆ. ಬೆರಳುದ್ದಕ್ಕೆ ಹರಿದು ಕಾಳಿನ ಜೊತೆ ಕುಕ್ಕರಿಗೆ ಹಾಕಿ ಐದು ಸೀಟಿ ಕೂಗಿಸಿ. ಈರುಳ್ಳಿ, ಬೆಳ್ಳುಳ್ಳಿಯನ್ನು ಕೆಂಪಗೆ ಸುಟ್ಟು, ಹುರಿದ ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ, ಕಾಯಿತುರಿ, ಒಂದು ಹಿಡಿ ಬೆಂದ ಕಾಳು ಸೇರಿಸಿ ನುಣ್ಣಗೆ ಅರೆದು ಬೆರೆಸಿ. ಒಂದು ಟೊಮೆಟೊ ಹಿಚುಕಿ ಹಾಕಿ ಹದಿನೈದು ನಿಮಿಷ ಸಣ್ಣ ಉರಿಯಲ್ಲಿ ಕುದಿಯಲಿ. ಉಪ್ಪನ್ನು ಕೊನೆಗೆ, ರುಚಿ ನೋಡಿದ ಮೇಲೆ ಹಾಕಿ.

ರಾಗಿಯಲ್ಲಿ ಗ್ಲುಟೆನ್ ಇಲ್ಲ, ಆದರೆ ಊರಿಂದ ತರಿಸಿದ ಹಿಟ್ಟು ಗೋಧಿ ಬೀಸಿದ ಮಿಲ್ಲಿನಲ್ಲೇ ಬೀಸಿದ್ದಿರಬಹುದು. ಅವ್ವ ಪ್ರೀತಿಯಿಂದ ಕಟ್ಟಿಕೊಟ್ಟ ಐದು ಕಿಲೋ ಹಿಟ್ಟನ್ನು ಇದೇ ಕಾರಣಕ್ಕೆ ಮಗಳಿಗೆ ಬಡಿಸದೆ ನಾವು ದೊಡ್ಡವರೇ ಉಂಡೆವು. ಅದಕ್ಕೂ ಬೇರೆ ಪಾತ್ರೆ, ಬೇರೆ ಕೋಲು. ಈಗ ಅವ್ವ ಇಡೀ ರಾಗಿ ಕೊಟ್ಟು ಕಳಿಸುತ್ತಾಳೆ. ನಾನು ಆರಿಸಿ, ತೊಳೆದು, ಒಣಗಿಸಿ, ಇಲ್ಲೇ ಮಿಕ್ಸಿಯಲ್ಲಿ ಪುಡಿ ಮಾಡಿ ಜರಡಿ ಹಿಡಿಯುತ್ತೇನೆ. ಹಿಟ್ಟು ಸ್ವಲ್ಪ ತರಿಯಾಗಿರುತ್ತದೆ, ಮುದ್ದೆಗೆ ಎಸರು ಒಂದು ಸೌಟು ಜಾಸ್ತಿ ಇಟ್ಟರೆ ಸರಿಹೋಗುತ್ತದೆ.