ಕಬ್ಬಿನ ಮೇಲೆ ಹಾರುವ ಡ್ರೋನಿಗೆ ವಿಡಿಯೊ ಮತ್ತು ಬ್ಯಾಟರಿ ಎಚ್ಚರಿಕೆಯ ದೀಪ: ನನ್ನ ಅನುಭವ

ಜಮಖಂಡಿ, ಮುಧೋಳ ಭಾಗದಲ್ಲಿ ಬೆಳೆದು ನಿಂತ ಕಬ್ಬು ಹತ್ತು ಅಡಿ ದಾಟುತ್ತದೆ. ಬದುವಿನ ಮೇಲೆ ನಿಂತವರಿಗೆ ಮೊದಲ ಒಂದೆರಡು ಸಾಲು ಬಿಟ್ಟರೆ ಒಳಗಿನದೇನೂ ಕಾಣದು. ಎಲ್ಲಿ ಕಬ್ಬು ಒರಗಿದೆ, ಎಲ್ಲಿ ನೀರು ನಿಂತಿದೆ, ಎಲ್ಲಿ ಹುಟ್ಟುವಳಿ ತೆಳುವಾಗಿದೆ ಎಂದು ಮೇಲಿನಿಂದ ನೋಡಲು ನಾನು ನಾಲ್ಕು ಮೋಟಾರಿನ, ಏಳು ಇಂಚು ಪ್ರೊಪೆಲ್ಲರಿನ ಡ್ರೋನ್ ಜೋಡಿಸಿಕೊಂಡಿದ್ದೇನೆ. ಇಂಥ ಬೆಳೆಯ ನಡುವೆ ಬ್ಯಾಟರಿ ಮುಗಿದರೆ ಇಳಿಸಲು ಜಾಗವೇ ಇರುವುದಿಲ್ಲ. ಬಿದ್ದದ್ದನ್ನು ಹುಡುಕುವುದು ಕಷ್ಟವೇ, ಆದರೆ ನನ್ನ ದೊಡ್ಡ ಚಿಂತೆ ಬೆಂಕಿಯದು. ಪೆಟ್ಟು ತಿಂದ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಹೊತ್ತಿಕೊಳ್ಳಬಲ್ಲದು, ಕೆಳಗೆ ನೋಡಿದರೆ ಒಣ ರವದಿ, ಅಂದರೆ ಕಬ್ಬಿನ ಒಣಗಿದ ಎಲೆ.

ಹಾರಿಸುವಾಗ ನಾನು ಡ್ರೋನಿನ ಕ್ಯಾಮೆರಾ ಚಿತ್ರ ತೋರಿಸುವ ಗಾಗಲ್ಸ್ ಹಾಕಿಕೊಂಡಿರುತ್ತೇನೆ. ನನಗೆ ಕಾಣುವುದು ಕ್ಯಾಮೆರಾ ಕಂಡಷ್ಟೇ. ಡ್ರೋನಿನ ಹೊಟ್ಟೆಯ ಕೆಳಗೆ ಎಷ್ಟೇ ದೀಪ ಕಟ್ಟಿದರೂ ಅವು ನನ್ನ ಕಣ್ಣಿಗೆ ಬೀಳುವುದಿಲ್ಲ. ಅದನ್ನು ನೋಡುವವನು ಪಕ್ಕದಲ್ಲಿ ನಿಲ್ಲುವ ನನ್ನ ಸೋದರಳಿಯ. ಡ್ರೋನ್ ಕಣ್ಣಳತೆಯಲ್ಲೇ ಇರಬೇಕೆಂಬ ನಿಯಮವನ್ನೂ ಅವನೇ ಕಾಯುತ್ತಾನೆ. ಹಾಗಾಗಿ ಬ್ಯಾಟರಿ ಇಳಿದದ್ದನ್ನು ತಿಳಿಸಲು ನನಗೊಂದು, ಅವನಿಗೊಂದು ಎಂದು ಎರಡು ಎಚ್ಚರಿಕೆ ಇಟ್ಟೆ. ನನ್ನ ಪರದೆಯ ಮೇಲಿನ ವೋಲ್ಟೇಜಿನ ಅಂಕಿ ಡ್ರೋನ್ ನಡೆಸುವ ಫ್ಲೈಟ್ ಕಂಟ್ರೋಲರಿನಿಂದ ಬರುತ್ತದೆ. ಅವನ ದೀಪ ತನ್ನದೇ ತಂತಿಯಿಂದ ತಾನೇ ವೋಲ್ಟೇಜ್ ಅಳೆಯುತ್ತದೆ. ಒಂದು ಕೆಟ್ಟರೆ ಇನ್ನೊಂದನ್ನು ಎಳೆದುಕೊಂಡು ಹೋಗಬಾರದು. ಮುಂದೆ ಹೇಳುವ ಜೋಡಣೆಯೆಲ್ಲ ಈ ಒಂದು ಹಟದಿಂದ ಹುಟ್ಟಿದ್ದು.

ಮೊದಲು ವಿಡಿಯೊ. ನಾನು ಬಳಸುವುದು 5.8 ಗಿಗಾಹರ್ಟ್ಸ್‌ನ ಅನಲಾಗ್ ಟ್ರಾನ್ಸ್‌ಮಿಟರ್. ಡಿಜಿಟಲ್ ಚಿತ್ರ ಇದಕ್ಕಿಂತ ಎಷ್ಟೋ ಸ್ವಚ್ಛ, ಒಪ್ಪುತ್ತೇನೆ. ಆದರೆ ಅನಲಾಗ್‌ನಲ್ಲಿ ಸಿಗ್ನಲ್ ಸೋಲುತ್ತಿರುವಾಗಲೇ ಪರದೆಯ ಮೇಲೆ ಚುಕ್ಕೆಗಳು ಏಳುತ್ತವೆ, ಅಷ್ಟರಲ್ಲಿ ಹಿಂದಕ್ಕೆ ತಿರುಗಿಸಲು ಹೊತ್ತು ಸಿಗುತ್ತದೆ. ನಮ್ಮ ದೇಶದಲ್ಲಿ 5725ರಿಂದ 5875 ಮೆಗಾಹರ್ಟ್ಸ್‌ವರೆಗಿನ ಪಟ್ಟಿ, ಶಕ್ತಿಯ ಮಿತಿಗೆ ಒಳಪಟ್ಟು, ಪರವಾನಗಿ ಇಲ್ಲದೆ ಬಳಕೆಗೆ ತೆರೆದಿದೆ. ಡ್ರೋನ್ ವಿಡಿಯೊಗೆ ಬಳಸುವ ರೇಸ್‌ಬ್ಯಾಂಡ್ ಎಂಬ ಗುಂಪಿನ ಎಂಟು ಚಾನೆಲ್‌ಗಳಲ್ಲಿ ಅದರೊಳಗೆ ನೆಮ್ಮದಿಯಾಗಿ ಕೂರುವವು 4, 5 ಮತ್ತು 6, ಅಂದರೆ 5769, 5806, 5843. ನಾನು ಈ ಮೂರನ್ನು ಬಿಟ್ಟು ಆಚೆ ಹೋಗುವುದಿಲ್ಲ.

ದೂರ ಸಾಲದಾಗ ಹಲವರು ಮೊದಲು ಕೈಹಾಕುವುದು ಟ್ರಾನ್ಸ್‌ಮಿಟರಿನ ಶಕ್ತಿಗೆ. ದೂರವನ್ನು ಎರಡರಷ್ಟು ಮಾಡಲು ಶಕ್ತಿಯನ್ನು ನಾಲ್ಕು ಪಟ್ಟು ಏರಿಸಬೇಕು, ಜೊತೆಗೆ ಶಾಖವೂ ಏರುತ್ತದೆ. ಬಾಗಲಕೋಟೆ ಜಿಲ್ಲೆಯ ಏಪ್ರಿಲ್ ಬಿಸಿಲಿನಲ್ಲಿ ಅದು ಸಣ್ಣ ಮಾತಲ್ಲ. ಕಬ್ಬಿನ ಎಲೆಯಲ್ಲಿ ನೀರಿದೆ, ನೀರು ಈ ತರಂಗವನ್ನು ಹೀರಿಬಿಡುತ್ತದೆ. ಎದೆಯೆತ್ತರದಲ್ಲಿ ಆಂಟೆನಾ ಇಟ್ಟುಕೊಂಡು ಹತ್ತಡಿ ಹಸಿರು ಗೋಡೆಯ ಮೂಲಕ ಚಿತ್ರ ನೋಡುತ್ತೇನೆಂದರೆ ಎಷ್ಟು ಶಕ್ತಿ ಸುರಿದರೂ ಸಾಲದು. ಹಾಗಾಗಿ ಬಿದಿರಿನ ಗಳಕ್ಕೆ ಆಂಟೆನಾ ಕಟ್ಟಿ ಕಬ್ಬಿನ ತಲೆಯ ಮೇಲೆ ಎತ್ತಿದೆ. ಅರ್ಧ ಕಿಲೋಮೀಟರ್ ದೂರಕ್ಕೆ ಈ ತರಂಗಕ್ಕೆ ನಡುದಾರಿಯಲ್ಲಿ ನೇರ ಗೆರೆಯ ಸುತ್ತ ಸುಮಾರು ಎರಡೂವರೆ ಮೀಟರ್ ಖಾಲಿ ಜಾಗ ಬೇಕು. ಡ್ರೋನ್ ಎತ್ತರದಲ್ಲಿದ್ದು ಗಳವೂ ಎದ್ದು ನಿಂತರೆ ಅದು ಸಿಗುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಆಂಟೆನಾವನ್ನು ಮಾತ್ರ ಮೇಲಿಟ್ಟು ತೆಳ್ಳನೆಯ ಕೇಬಲ್‌ನಲ್ಲಿ ಸಿಗ್ನಲ್ ಇಳಿಸಿದರೆ ಕೆಲವು ಮೀಟರಿನಲ್ಲೇ ಅರ್ಧಕ್ಕಿಂತ ಹೆಚ್ಚು ಶಕ್ತಿ ಕೇಬಲ್‌ನಲ್ಲೇ ಸೋರುತ್ತದೆ. ರಿಸೀವರನ್ನೇ ಗಳದ ತುದಿಗೆ ಕಟ್ಟಿ, ಅದರಿಂದ ಹೊರಟ ವಿಡಿಯೊವನ್ನು ಕೆಳಗಿಳಿಸಿದರೆ ನಷ್ಟ ಗಮನಕ್ಕೂ ಬರುವುದಿಲ್ಲ.

ಆಂಟೆನಾ ಕೊಳ್ಳುವಾಗ ತುದಿಯೊಳಗೆ ಇಣುಕಿ ನೋಡಬೇಕು. ಎಸ್‌ಎಂಎ ಮತ್ತು ಆರ್‌ಪಿ-ಎಸ್‌ಎಂಎ ಎಂಬ ಎರಡು ಬಗೆಯ ತುದಿಗಳಿವೆ. ಹೊರಗಿನ ತಿರುಪು ಎರಡರದ್ದೂ ಒಂದೇ, ನೆಮ್ಮದಿಯಾಗಿ ತಿರುಗಿ ಕೂರುತ್ತದೆ. ಆದರೆ ನಡುವೆ ಒಂದು ಕಡೆ ಸೂಜಿ, ಇನ್ನೊಂದು ಕಡೆ ತೂತು ಇರಬೇಕು; ಎರಡೂ ಕಡೆ ತೂತೇ ಇದ್ದರೆ ನಡುವೆ ಸಂಪರ್ಕವೇ ಆಗುವುದಿಲ್ಲ. ಆಂಟೆನಾ ಇಲ್ಲದೆ ಟ್ರಾನ್ಸ್‌ಮಿಟರ್ ಚಾಲೂ ಮಾಡಿದಂತೆಯೇ. ಹೋಗಬೇಕಾದ ಶಕ್ತಿ ಹಿಂದಕ್ಕೆ ಮರಳಿ ಅದರ ಕೊನೆಯ ಹಂತವನ್ನೇ ಸುಡುತ್ತದೆ. ತರಂಗವನ್ನು ಬಲಕ್ಕೆ ಸುತ್ತಿಸುತ್ತ ಕಳಿಸುವ ಬಲಸುತ್ತಿನ ಆಂಟೆನಾಕ್ಕೆ ಬಲಸುತ್ತಿನದೇ ಜೋಡಿಯಾಗಬೇಕೆಂಬುದನ್ನೂ ಅಂಗಡಿಯಲ್ಲೇ ಖಾತ್ರಿ ಮಾಡಿಕೊಳ್ಳಿ.

ಥ್ರಾಟಲ್ (ಮೋಟಾರಿನ ವೇಗ) ಏರಿಸಿದ ಕೂಡಲೇ ಚಿತ್ರದಲ್ಲಿ ಅಡ್ಡಗೆರೆಗಳು ಓಡಿದರೆ ಅದು ದೂರದ ದೋಷವಲ್ಲ, ಮೋಟಾರಿನ ನಿಯಂತ್ರಕಗಳು ತಂತಿಯೊಳಗೆ ಎಬ್ಬಿಸುವ ಗದ್ದಲ. 35 ವೋಲ್ಟಿನ, 1000 ಮೈಕ್ರೊಫ್ಯಾರಡ್‌ನ, ಒಳರೋಧ ಕಡಿಮೆಯಿರುವ ಕೆಪಾಸಿಟರನ್ನು ಬ್ಯಾಟರಿ ತಂತಿ ಬೆಸೆಯುವ ಜಾಗದಲ್ಲೇ ಕಾಲು ಗಿಡ್ಡ ಮಾಡಿ ಬೆಸೆದರೆ ಬಹುಪಾಲು ಗೆರೆಗಳು ಅಳಿಯುತ್ತವೆ. ಕ್ಯಾಮೆರಾದ ವಿಡಿಯೊ ತಂತಿಯ ಜೊತೆಗೆ ಅದರ ಗ್ರೌಂಡ್ ತಂತಿಯನ್ನೂ ಹುರಿಗೊಳಿಸಿ ಒಯ್ಯಿರಿ.

ಇನ್ನು ದೀಪದ ಕೆಲಸ. ನನ್ನದು ನಾಲ್ಕು ಸೆಲ್ಲಿನ ಬ್ಯಾಟರಿ, ತುಂಬಿದಾಗ 16.8 ವೋಲ್ಟ್. 30 ಕಿಲೋಓಮ್ ಮತ್ತು 10 ಕಿಲೋಓಮ್ ರೆಸಿಸ್ಟರುಗಳ ಜೋಡಿ ಇದನ್ನು ಸರಿಯಾಗಿ ನಾಲ್ಕರಿಂದ ಭಾಗಿಸುತ್ತದೆ. ಸೆಲ್ಲುಗಳೂ ನಾಲ್ಕೇ ಆದ್ದರಿಂದ ದೀಪ ನಡೆಸುವ ಅರ್ಡ್ವಿನೊ ನ್ಯಾನೊ ಎಂಬ ಪುಟ್ಟ ಬೋರ್ಡ್ ಓದುವುದು ನೇರವಾಗಿ ಒಂದು ಸೆಲ್ಲಿನ ಸರಾಸರಿಯನ್ನು. ಲೆಕ್ಕವೇ ಬೇಡವಾಗುವ ಈ ಹೊಂದಿಕೆ ನನಗೆ ಬಹಳ ಹಿಡಿಸಿತು. ಸೊನ್ನೆಯಿಂದ 5 ವೋಲ್ಟ್‌ವರೆಗಿನದನ್ನು ಅದು 0ಯಿಂದ 1023ರವರೆಗಿನ ಅಂಕಿಯಾಗಿ ತೋರಿಸುತ್ತದೆ; 5 ವೋಲ್ಟ್ ಪೂರೈಕೆ ಸರಿಯಾಗಿದ್ದರೆ 3.6 ವೋಲ್ಟಿಗೆ ಅದು 737 ಎಂದೂ, 3.5ಕ್ಕೆ 716 ಎಂದೂ ಓದುತ್ತದೆ.

ದೀಪ ಹೇಗೆ ಮಾತಾಡಬೇಕೆಂಬುದರ ಬಗ್ಗೆ ಹೆಚ್ಚು ಯೋಚಿಸಿದೆ. ಬ್ಯಾಟರಿ ಇಳಿದಾಗ ಮಾತ್ರ ಹತ್ತುವ ದೀಪ ನನಗೆ ಬೇಡ, ಏಕೆಂದರೆ ತಂತಿ ಕಡಿದ ದೀಪವೂ ಆರಿಯೇ ಇರುತ್ತದೆ. ಎಲ್ಲ ಸರಿಯಿದ್ದಾಗ ಎರಡು ಸೆಕೆಂಡಿಗೊಮ್ಮೆ ಒಂದು ಮಿಣುಕು, 3.6ಕ್ಕೆ ಇಳಿದರೆ ಜೋಡಿ ಮಿಣುಕು, 3.5ಕ್ಕೆ ಬಿಡುವಿಲ್ಲದ ಬಿರುಸು ಮಿಣುಕು. ಮಿಣುಕೇ ಕಾಣದಿದ್ದರೂ ಇಳಿಸಬೇಕು. ಬಣ್ಣವನ್ನು ನಂಬಲಿಲ್ಲ. ಎಡಕ್ಕೆ ಕೆಂಪು, ಬಲಕ್ಕೆ ಹಸಿರು ಎಂಬುದು ವಿಮಾನಗಳ ಹಳೆಯ ರೂಢಿ, ಅದಕ್ಕೂ ಬ್ಯಾಟರಿಯ ಕೆಂಪಿಗೂ ಗೊಂದಲವಾಗುತ್ತದೆ. ನಡುಹಗಲಲ್ಲಿ ಬಣ್ಣಕ್ಕಿಂತ ಮಿಣುಕಿನ ಲಯವೇ ಬೇಗ ಕಣ್ಣಿಗೆ ಬೀಳುತ್ತದೆ. ಎಲ್ಇಡಿಗಳನ್ನು ಹಿಂದಿನ ಎರಡು ತೋಳುಗಳ ಕೆಳಗೆ ಕೂರಿಸಿದೆ, ಸಂಜೆ ಅವುಗಳ ಬೆಳಕು ಕ್ಯಾಮೆರಾಕ್ಕೆ ಹೊಡೆಯದಂತೆ.

ಜೋರಾಗಿ ಮೇಲೇರಿಸಿದಾಗ ವೋಲ್ಟೇಜ್ ಕುಸಿದು, ಥ್ರಾಟಲ್ ಇಳಿಸಿದೊಡನೆ ಮತ್ತೆ ಚೇತರಿಸಿಕೊಳ್ಳುತ್ತದೆ. ಆ ಕ್ಷಣದ ಕುಸಿತಕ್ಕೆಲ್ಲ ದೀಪ ಬೆದರಿಸಿದರೆ ನೋಡುವವರು ಅದನ್ನು ನಂಬುವುದನ್ನೇ ಬಿಡುತ್ತಾರೆ. ಮೂರು ಸೆಕೆಂಡು ಬಿಡದೆ ಕೆಳಗಿದ್ದರೆ ಮಾತ್ರ ಎಚ್ಚರಿಕೆ ಎಂದು ಬರೆದೆ. ಒಮ್ಮೆ ಎಚ್ಚರಿಕೆ ಶುರುವಾದರೆ ಬ್ಯಾಟರಿ ಕಳಚುವವರೆಗೆ ಅದು ಹಿಂದಿನ ಹಂತಕ್ಕೆ ಮರಳುವುದಿಲ್ಲ. “ಮಾಮಾ, ಜೋಡಿ ಮಿಣುಕು ಶುರುವಾಯಿತು, ಮರಳಿ ಬನ್ನಿ” ಎಂದು ಹುಡುಗ ಹೇಳಿದ ಮೇಲೆ ಚರ್ಚೆಯಿಲ್ಲ, ಮೂಗು ಬದುವಿನ ಕಡೆಗೆ ತಿರುಗುತ್ತದೆ. ನನ್ನ ಪರದೆಯಲ್ಲೂ ಒಟ್ಟು ವೋಲ್ಟೇಜ್ ಬದಲು ಸೆಲ್ಲಿನ ಸರಾಸರಿಯನ್ನೇ ಇಟ್ಟಿದ್ದೇನೆ, ಇಬ್ಬರೂ ಒಂದೇ ಅಂಕಿಯಲ್ಲಿ ಮಾತಾಡಬೇಕಲ್ಲ.

ದೀಪಕ್ಕೂ ವಿಡಿಯೊಗೂ ಜಗಳ ಹತ್ತುವುದು ಒಂದೇ ಕಡೆ: 5 ವೋಲ್ಟ್ ಪೂರೈಕೆಯಲ್ಲಿ. ಡಬ್ಲ್ಯೂಎಸ್2812 ಮಾದರಿಯ ಒಂದು ಎಲ್ಇಡಿ ಪೂರ್ಣ ಬಿಳಿಯಲ್ಲಿ ಸುಮಾರು 60 ಮಿಲಿಆಂಪಿಯರ್ ಎಳೆಯುತ್ತದೆ, ಎಂಟು ಸೇರಿದರೆ ಅರ್ಧ ಆಂಪಿಯರಿನ ಹತ್ತಿರ. ಬ್ಯಾಟರಿಯ ವೋಲ್ಟೇಜನ್ನು 5ಕ್ಕೆ ಇಳಿಸಿ ಕ್ಯಾಮೆರಾಕ್ಕೆ ಕೊಡುವ ರೆಗ್ಯುಲೇಟರಿನಿಂದಲೇ ಇದನ್ನೂ ಎಳೆದರೆ ಪ್ರತಿ ಮಿಣುಕಿಗೂ ಚಿತ್ರ ಅದುರುತ್ತದೆ. ನ್ಯಾನೊಗೂ ದೀಪಗಳಿಗೂ ಬೇರೆ ಪುಟ್ಟ ರೆಗ್ಯುಲೇಟರ್ ಹಾಕಿದ್ದೇನೆ.

ಹೊಲಕ್ಕೆ ಒಯ್ಯುವ ಮೊದಲು ಪ್ರೊಪೆಲ್ಲರ್ ಬಿಚ್ಚಿಟ್ಟು, ವೋಲ್ಟೇಜ್ ಹೊಂದಿಸಬಹುದಾದ ಪವರ್ ಸಪ್ಲೈಗೆ ಜೋಡಿಸಿ 16.8ರಿಂದ ನಿಧಾನವಾಗಿ ಇಳಿಸುತ್ತೇನೆ. ಮಲ್ಟಿಮೀಟರ್ 14.4 ತೋರಿಸಿದಾಗ ಜೋಡಿ ಮಿಣುಕು, 14.0ಕ್ಕೆ ಬಿರುಸು ಮಿಣುಕು ಬರಬೇಕು. ಪರದೆಯ ಅಂಕಿಯನ್ನೂ ಅದೇ ಮೀಟರಿಗೆ ಹೊಂದಿಸುತ್ತೇನೆ.

ಸರಾಸರಿಗೆ ಒಂದು ಕುರುಡು ಇದೆ. ಮೂರು ಸೆಲ್ಲುಗಳು 3.7ರಲ್ಲಿದ್ದು ನಾಲ್ಕನೆಯದು 3.3ಕ್ಕೆ ಬಿದ್ದಿದ್ದರೂ ಒಟ್ಟು 14.4, ಸರಾಸರಿ 3.6. ದೀಪ ಮೊದಲ ಎಚ್ಚರಿಕೆಯಷ್ಟೇ ಕೊಡುತ್ತದೆ, ಆ ಒಂದು ಸೆಲ್ ಆಗಲೇ ಹಾಳಾಗುವ ಹಾದಿಯಲ್ಲಿರುತ್ತದೆ. ಅದಕ್ಕಾಗಿ ಬ್ಯಾಟರಿಯ ಬ್ಯಾಲೆನ್ಸ್ ಪ್ಲಗ್ಗಿಗೆ (ಪ್ರತಿ ಸೆಲ್ಲಿನ ತಂತಿ ಹೊರಬರುವ ಸಣ್ಣ ಪ್ಲಗ್) ಚುಚ್ಚುವ ಚಿಕ್ಕ ಬಜರ್ ಒಂದನ್ನು ಜೊತೆಗೆ ಹಾರಿಸುತ್ತೇನೆ. ಅದು ಪ್ರತಿ ಸೆಲ್ಲನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ಹಾರುವಾಗ ಮೋಟಾರಿನ ಸದ್ದಿನಲ್ಲಿ ಅದರ ಕೂಗು ದೂರಕ್ಕೆ ಕೇಳುವುದಿಲ್ಲ. ಇಳಿದು ಮೋಟಾರು ನಿಂತ ಮೇಲೂ ಅದು ಕೂಗುತ್ತಿದ್ದರೆ ನಾಲ್ಕೂ ಸೆಲ್ಲುಗಳನ್ನು ಅಳೆದು ನೋಡುತ್ತೇನೆ. ಒಂದು ಸೆಲ್ ಉಳಿದವಕ್ಕಿಂತ ಕೆಳಗೆ ಜಾರುತ್ತಲೇ ಇದ್ದರೆ ಆ ಬ್ಯಾಟರಿಯ ಮೇಲೆ ಕೆಂಪು ಟೇಪು ಸುತ್ತುತ್ತೇನೆ. ಕಬ್ಬಿನ ಮೇಲೆ ಅದು ಮತ್ತೆ ಹಾರುವುದಿಲ್ಲ.