ಎಚ್‌ಪಿ 48ರ ಸೂಚಕಗಳನ್ನು ಮೆಷಿನ್ ಕೋಡ್‌ನಲ್ಲಿ ಬೆಳಗಿಸುವುದು

ಕುಂಬಳೆ, ಬದಿಯಡ್ಕ ಕಡೆಯ ಡಿಪ್ಲೊಮಾ ಮಕ್ಕಳೇ, ಮನೆಯಲ್ಲಿ ಹಳೆಯ ಎಚ್‌ಪಿ 48 ಗ್ರಾಫಿಂಗ್ ಕ್ಯಾಲ್ಕ್ಯುಲೇಟರ್ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಮೆಷಿನ್ ಕೋಡ್ (ಪ್ರೊಸೆಸರ್‌ಗೆ ನೇರವಾಗಿ ಕೊಡುವ ಸೂಚನೆಗಳು) ಕಲಿಯಲು ಬಹಳ ಒಳ್ಳೆಯ ಯಂತ್ರ ಅದು. ಪರದೆಯ ಮೇಲ್ತುದಿಯ ಆರು ಚಿಹ್ನೆಗಳಿಂದ ಶುರು ಮಾಡಿ. ಅವುಗಳ ಹಿಡಿತ ಹೆಕ್ಸ್ 10ಬಿ, 10ಸಿ ವಿಳಾಸದ ಎರಡು ನಿಬಲ್‌ಗಳಲ್ಲಿದೆ (ನಿಬಲ್ ಎಂದರೆ ನಾಲ್ಕು ಬಿಟ್). ಮೊದಲನೆಯದರಲ್ಲಿ ಕೆಳಗಿನ ಬಿಟ್‌ನಿಂದ ಎಡ ಶಿಫ್ಟ್, ಬಲ ಶಿಫ್ಟ್, ಆಲ್ಫಾ, ಅಲಾರಂ. ಮುಂದಿನದರಲ್ಲಿ ಬ್ಯುಸಿ, ಟ್ರಾನ್ಸ್‌ಮಿಟ್. ಅದರ ಮೇಲ್ತುದಿಯ ಬಿಟ್ 1 ಇರಲೇಬೇಕು, ಇಲ್ಲದಿದ್ದರೆ ಒಂದೂ ಕಾಣದು. ಆಲ್ಫಾ, ಬ್ಯುಸಿ ಮಾತ್ರ ಬೇಕೇ? ಮೊದಲನೆಯದಕ್ಕೆ 4, ಎರಡನೆಯದಕ್ಕೆ 9 ಬರೆಯಿರಿ.

ಪ್ರೊಸೆಸರ್‌ನ ಒಳಗಿನ ಡಿ0, ಡಿ1, ಬಿ, ಡಿ ರಿಜಿಸ್ಟರ್‌ಗಳನ್ನು ಮೊದಲೇ ಸೇವ್ ಮಾಡಿ, ಕೊನೆಗೆ ಮರಳಿಸಿ. ತಪ್ಪಿದರೆ ಇಡೀ ಮೆಮೊರಿ ಅಳಿಸಿಹೋಗಬಹುದು, ಬ್ಯಾಕಪ್ ಇರಲಿ. ನಡುವೆ ಒಂದು ವಿಳಂಬದ ಲೂಪ್ ಹಾಕಿ. ಏಕೆಂದರೆ ಕೋಡ್ ಮುಗಿದದ್ದೇ ಸಿಸ್ಟಂ ಚಿಹ್ನೆಗಳನ್ನು ತನಗೆ ಬೇಕಾದಂತೆ ಬದಲಿಸಿಬಿಡುತ್ತದೆ.