ನಾಲ್ಕೂ ಚಕ್ರ ನೆಲ ಹಿಡಿಯಲು: ಆಫ್‌ರೋಡ್ ಗಾಡಿಯ ಆರ್ಟಿಕ್ಯುಲೇಷನ್ ಹೆಚ್ಚಿಸುವುದು ಹೇಗೆ?

50 ಮಿ.ಮೀ. ಲಿಫ್ಟ್ ಕಿಟ್ ಮತ್ತು ಒಂದು ಸೈಜ್ ದೊಡ್ಡ ಟೈರ್ ಹಾಕಿಸಿದರೆ ಗಾಡಿ ಎತ್ತರವಾಗುತ್ತದೆ, ಹೊಟ್ಟೆ ಕಲ್ಲಿಗೆ ತಾಗುವುದು ತಪ್ಪುತ್ತದೆ. ಅದೇ ಗಾಡಿಯನ್ನು ಓರೆಯಾಗಿ ಹಳ್ಳಕ್ಕೆ ಇಳಿಸಿದಾಗ ಮಾತ್ರ ಒಂದು ಚಕ್ರ ಮೊದಲಿಗಿಂತ ಬೇಗನೆ ಗಾಳಿಗೆ ಏಳುತ್ತದೆ. ಡಿಫರೆನ್ಷಿಯಲ್ ಲಾಕ್ (ಆಕ್ಸಲ್ಲಿನ ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಮಾಡುವ ಬೀಗ) ಇಲ್ಲದಿದ್ದರೆ ಎದ್ದ ಚಕ್ರ ಗಿರಗಿರ ತಿರುಗುತ್ತದೆ, ಗಾಡಿ ಕದಲುವುದಿಲ್ಲ. ಏರುತಗ್ಗಿನಲ್ಲಿ ಚಕ್ರಗಳು ಮೇಲೆ ಕೆಳಗೆ ಆಡಿ ನೆಲ ಬಿಡದಿರುವ ಸಾಮರ್ಥ್ಯವೇ ಆರ್ಟಿಕ್ಯುಲೇಷನ್.

ಕಾರಣ ಸರಳ ಲೆಕ್ಕ. ಕಂಪನಿಯ ಶಾಕ್ ಅಬ್ಸಾರ್ಬರ್ ಪೂರ್ತಿ ಹಿಗ್ಗಿದಾಗ 550 ಮಿ.ಮೀ. ಉದ್ದ, ಗಾಡಿ ಸಮನೆಲದಲ್ಲಿ ನಿಂತಾಗ 450 ಮಿ.ಮೀ. ಎಂದಿಟ್ಟುಕೊಳ್ಳಿ. ಆಗ ಚಕ್ರ ಕೆಳಗಿಳಿಯಲು 100 ಮಿ.ಮೀ. ಜಾಗವಿತ್ತು. ಲಿಫ್ಟ್ ಹಾಕಿದ ಮೇಲೆ ನಿಂತ ಉದ್ದವೇ 500 ಆಯಿತು, ಹಿಗ್ಗುವ ಮಿತಿ 550ರಲ್ಲೇ ಉಳಿಯಿತು. ಅರ್ಧ ಇಳಿತ ಅಲ್ಲೇ ಹೋಯಿತು. ಇದು ಗೊತ್ತಾದವರು ಮಾಡುವ ಮುಂದಿನ ತಪ್ಪು ಇನ್ನೂ ದುಬಾರಿಯದು: ಸಿಕ್ಕಿದ್ದರಲ್ಲಿ ಅತಿ ಉದ್ದದ ಶಾಕ್ ತಂದು ಬಿಗಿಯುತ್ತಾರೆ. ಶಾಕ್ ಖರೀದಿ ಈ ಕೆಲಸದ ಕೊನೆಯ ಹೆಜ್ಜೆ. ಅದಕ್ಕೂ ಮೊದಲು ಚಕ್ರವನ್ನು ನಿಜವಾಗಿ ತಡೆಯುತ್ತಿರುವುದು ಯಾವುದು ಎಂದು ಪತ್ತೆ ಮಾಡಬೇಕು.

ಇಲ್ಲಿರುವುದು ಮುಖ್ಯವಾಗಿ ಇಡೀ ಆಕ್ಸಲ್ (ಎರಡೂ ಬದಿಯ ಚಕ್ರಗಳನ್ನು ಜೋಡಿಸುವ ಒಂದೇ ಗಟ್ಟಿ ದಂಡ) ಇರುವ ಗಾಡಿಗಳ ಮಾತು. ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್ (ಪ್ರತಿ ಚಕ್ರ ಬೇರೆಬೇರೆಯಾಗಿ ಆಡುವಂಥದು) ಇದ್ದರೆ ಹಿಂದಿನ ಆಕ್ಸಲ್‌ಗೆ ಇದೇ ಕ್ರಮ. ಮುಂದಿನದರ ಬಗ್ಗೆ ಆಮೇಲೆ ಹೇಳುತ್ತೇನೆ.

1. ಮೊದಲು ಅಳತೆ

ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ. ಕಾಡಿಗೆ ಹೋಗುವಾಗ ಹೇರುವಷ್ಟೇ ಸಾಮಾನು ಅದರಲ್ಲಿರಲಿ. ನಾಲ್ಕೂ ಕಡೆ ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆದು ಬರೆದುಕೊಳ್ಳಿ. ನಂತರ ಒಂದು ಮುಂದಿನ ಚಕ್ರವನ್ನು ದಿಬ್ಬ ಅಥವಾ ಇಳಿಜಾರು ಹಲಗೆಯ ಮೇಲೆ, ಬೇರೊಂದು ಚಕ್ರ ನೆಲ ಬಿಡುವ ಹಂತದವರೆಗೆ ಹತ್ತಿಸಿ. ಪಕ್ಕದಲ್ಲಿ ಒಬ್ಬರು ನಿಂತು ನೋಡುತ್ತಿರಲಿ. ಅಲ್ಲೇ ಮತ್ತೆ ನಾಲ್ಕೂ ಅಳತೆ ತೆಗೆದುಕೊಳ್ಳಿ.

20 ಡಿಗ್ರಿ ರ‍್ಯಾಂಪ್ ಸಿಕ್ಕರೆ, ಚಕ್ರ ಏರಿದ ದೂರವನ್ನು ವೀಲ್‌ಬೇಸ್‌ನಿಂದ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ) ಭಾಗಿಸಿ 1000ದಿಂದ ಗುಣಿಸಿದರೆ ಆರ್‌ಟಿಐ (ರ‍್ಯಾಂಪ್ ಟ್ರಾವೆಲ್ ಇಂಡೆಕ್ಸ್) ಅಂಕ ಬರುತ್ತದೆ. ಹೋಲಿಕೆಗೆ ಒಳ್ಳೆಯದು, ಜಂಬಕ್ಕೆ ಇನ್ನೂ ಒಳ್ಳೆಯದು. ಕೆಲಸಕ್ಕೆ ಬರುವುದು ಮಾತ್ರ ನಾಲ್ಕು ಮೂಲೆಯ ಅಳತೆಗಳೇ. ಗಾಡಿ ಓರೆಯಾಗಿ ನಿಂತಿರುವಾಗಲೇ ಟಾರ್ಚ್ ಹಿಡಿದು ಹೊರಗಿನಿಂದ ನೋಡಿ. ಜ್ಯಾಕ್ ಅಥವಾ ದಿಬ್ಬದ ಮೇಲೆ ನಿಂತ ಗಾಡಿಯ ಅಡಿಗೆ ನುಸುಳಬೇಡಿ. ಇಳಿದ ಚಕ್ರದ ಶಾಕ್ ಪೂರ್ತಿ ಹಿಗ್ಗಿದೆಯೇ? ಏರಿದ ಚಕ್ರ ಬಂಪ್ ಸ್ಟಾಪ್‌ಗೆ (ಆಕ್ಸಲ್ ಅತಿಯಾಗಿ ಮೇಲೇರದಂತೆ ತಡೆಯುವ ರಬ್ಬರ್ ಗಟ್ಟಿ) ತಾಗಿದೆಯೇ? ಎರಡೂ ಆಗದೆ ಚಕ್ರ ನೆಲ ಬಿಟ್ಟಿದ್ದರೆ ಸ್ಪ್ರಿಂಗ್ ಗಡಸು, ಇಲ್ಲವೇ ಸ್ವೇ ಬಾರ್ (ತಿರುವಿನಲ್ಲಿ ಗಾಡಿ ವಾಲದಂತೆ ಎಡಬಲ ಚಕ್ರಗಳನ್ನು ಜೋಡಿಸುವ ಕಂಬಿ) ಹಿಡಿದುಕೊಂಡಿದೆ.

2. ಸ್ವೇ ಬಾರ್

ಖರ್ಚಿಲ್ಲದ ಹೆಜ್ಜೆ ಇದು. ಮುಂದಿನ ಸ್ವೇ ಬಾರ್‌ನ ಎರಡೂ ಲಿಂಕ್ ಬಿಚ್ಚಿ, ಅದೇ ದಿಬ್ಬದ ಮೇಲೆ ಮತ್ತೆ ಅಳೆಯಿರಿ. ಎಷ್ಟೋ ಗಾಡಿಗಳಲ್ಲಿ ಅತಿ ದೊಡ್ಡ ಲಾಭ ಇಲ್ಲೇ ಸಿಗುತ್ತದೆ. ಸಿಕ್ಕರೆ ಪಿನ್ ಎಳೆದು ಬಿಚ್ಚುವಂಥ ಕ್ವಿಕ್ ಡಿಸ್ಕನೆಕ್ಟ್ ಲಿಂಕ್ ಹಾಕಿಸಿ. ಬಿಚ್ಚಿದ ಬಾರನ್ನು ಚಾಸಿಸ್‌ಗೆ ಮೇಲೆತ್ತಿ ಕಟ್ಟಲೇಬೇಕು. ಜೋತುಬಿದ್ದರೆ ಸ್ಟಿಯರಿಂಗ್ ತಿರುಗಿಸಿದಾಗ ಟೈರಿಗೋ ಬ್ರೇಕ್ ಹೋಸಿಗೋ ಸಿಗುತ್ತದೆ. ಟಾರ್ ರಸ್ತೆಗೆ ಬರುವ ಮುನ್ನ ಮತ್ತೆ ಜೋಡಿಸಿ. ಬಾರನ್ನೇ ತೆಗೆದು ಮನೆಯಲ್ಲಿಟ್ಟು ಓಡಾಡುವುದು ಬೇಡ. ಲಿಫ್ಟ್ ಆದ ಗಾಡಿ ತಿರುವಿನಲ್ಲಿ ಮೊದಲೇ ಹೆಚ್ಚು ವಾಲುತ್ತದೆ.

3. ಬುಷ್ ಮತ್ತು ಲೀಫ್ ಪಟ್ಟಿ

ಲೀಫ್ ಸ್ಪ್ರಿಂಗ್ ಇದ್ದರೆ ಪಟ್ಟಿಗಳನ್ನು ಬಿಚ್ಚಿ, ವೈರ್ ಬ್ರಷ್‌ನಿಂದ ತುಕ್ಕು ಕೆರೆದು, ತುದಿಗಳ ಚೂಪು ಅಂಚು ಉಜ್ಜಿ ಜೋಡಿಸಿ. ತುಕ್ಕು ಹಿಡಿದ ಪಟ್ಟಿಗಳು ಒಂದರ ಮೇಲೊಂದು ಜಾರದೆ, ಇಡೀ ಕಟ್ಟು ಒಂದೇ ದಪ್ಪ ಪಟ್ಟಿಯಂತೆ ವರ್ತಿಸುತ್ತದೆ. ಯು-ಬೋಲ್ಟ್ ಹೊಸದೇ ಹಾಕಿ. ಒಮ್ಮೆ ಬಿಗಿದು ಎಳೆದುಕೊಂಡ ಹಳೆಯದು ಮತ್ತೆ ಸರಿಯಾಗಿ ಬಿಗಿ ಹಿಡಿಯುವುದಿಲ್ಲ.

ಬುಷ್ (ಜೋಡಣೆಯ ಕೀಲಿನೊಳಗೆ ಕೂರುವ ಮೆದು ತೋಳು) ವಿಷಯದಲ್ಲಿ ನನ್ನ ಮಾತು ಖಡಾಖಂಡಿತ: ಆಕ್ಸಲ್ಲನ್ನು ಚಾಸಿಸ್‌ಗೆ ಜೋಡಿಸುವ ಕಂಟ್ರೋಲ್ ಆರ್ಮ್‌ಗಳಿಗೆ, ಅದರಲ್ಲೂ ರೇಡಿಯಸ್ ಆರ್ಮ್‌ಗಳಿಗೆ, ರಬ್ಬರ್ ಬುಷ್ ಮಾತ್ರ. ಬಣ್ಣಬಣ್ಣದ ಪಾಲಿಯುರೆಥೇನ್ ಬುಷ್ ಬಾಳಿಕೆ ಬರಬಹುದು, ಆದರೆ ಅದು ತಿರುಚಿಕೊಳ್ಳಲು ಒಪ್ಪುವುದಿಲ್ಲ. ರೇಡಿಯಸ್ ಆರ್ಮ್ ಆಕ್ಸಲ್ಲನ್ನು ಎರಡು ಬುಷ್‌ಗಳಲ್ಲಿ ಹಿಡಿದಿರುತ್ತದೆ. ಆಕ್ಸಲ್ ಓರೆಯಾಗಬೇಕೆಂದರೆ ಆ ಬುಷ್‌ಗಳೇ ತಿರುಚಿಕೊಳ್ಳಬೇಕು. ಗಡಸು ಬುಷ್ ತುರುಕಿದರೆ ಇಡೀ ಆಕ್ಸಲ್ ಇನ್ನೊಂದು ಸ್ವೇ ಬಾರ್ ಆಗುತ್ತದೆ. ಬುಷ್‌ಗೆ ತೂತು ಕೊರೆದು ಮೆದು ಮಾಡುವ ಅಡ್ಡದಾರಿಯೂ ಇದೆ. ತೂತಿನಿಂದಲೇ ಹರಿಯಲು ಶುರುವಾಗುತ್ತದೆ.

4. ಸ್ಪ್ರಿಂಗ್ ತೆಗೆದು ಆಕ್ಸಲ್ ಆಡಿಸುವುದು

ಹೆಚ್ಚಿನವರು ಹಾರಿಸಿಬಿಡುವ ಹೆಜ್ಜೆ ಇದು. ಸಮಯ ಇದಕ್ಕೇ ಇಡಿ.

ಗಟ್ಟಿ ಕಾಂಕ್ರೀಟ್ ನೆಲ ಬೇಕು. ನೆಲದ ಮೇಲಿರುವ ಚಕ್ರಗಳಿಗೆ ಅಡ್ಡಗಟ್ಟೆ ಕೊಡಿ. ಚಾಸಿಸ್‌ನ ಎರಡೂ ಬದಿಗೆ, ಗಾಡಿಯ ತೂಕಕ್ಕೆ ತಕ್ಕ ಸ್ಟ್ಯಾಂಡ್ ಇಟ್ಟು, ಗಾಡಿಯನ್ನು ತಳ್ಳಿ ಅಲುಗಾಡಿಸಿ ನೋಡಿದ ಮೇಲೇ ಮುಂದುವರಿಯಿರಿ. ಭಾರವೆಲ್ಲ ಚಾಸಿಸ್ ಸ್ಟ್ಯಾಂಡ್ ಮೇಲಿರಬೇಕು, ಆಕ್ಸಲ್ ಅಡಿಯ ಟ್ರಾಲಿ ಜ್ಯಾಕ್ ಆಕ್ಸಲ್ಲನ್ನು ಏರಿಸಿ ಇಳಿಸಲು ಮಾತ್ರ. ಶಾಕ್ ಬಿಚ್ಚಿ, ಆಕ್ಸಲ್ಲನ್ನು ನಿಧಾನಕ್ಕೆ ಇಳಿಸಿ, ಕಾಯಿಲ್ ಒತ್ತಡ ಕಳೆದುಕೊಂಡ ಮೇಲೆ ತೆಗೆಯಿರಿ. ಇಳಿಸುವಾಗ ಬ್ರೇಕ್ ಹೋಸ್ ಮೇಲೆ ಕಣ್ಣಿರಲಿ. ಲೀಫ್ ಗಾಡಿಯಲ್ಲಿ ಮೇನ್ ಪಟ್ಟಿಯನ್ನು ಉಳಿಸಿಕೊಂಡು ಉಳಿದವನ್ನು ಮಾತ್ರ ತೆಗೆಯಬೇಕು, ಏಕೆಂದರೆ ಆಕ್ಸಲ್ಲನ್ನು ಜಾಗದಲ್ಲಿ ಹಿಡಿದಿರುವುದೇ ಅದು. ಈಗ ಚಕ್ರ ಹಾಕಿ. ಚಕ್ರವಿಲ್ಲದೆ ಮಾಡುವ ಅಳತೆ ದಂಡ.

ಮೊದಲು ಏರಿಕೆ. ಎರಡೂ ಬದಿಯನ್ನು ಒಟ್ಟಿಗೆ ಏರಿಸಿ ಏನು ಏನಕ್ಕೆ ತಾಗುತ್ತದೆ ನೋಡಿ: ಡಿಫರೆನ್ಷಿಯಲ್ ಗುಂಡು ಎಂಜಿನ್ ಸಂಪಿಗೋ ಕ್ರಾಸ್ ಮೆಂಬರಿಗೋ, ಪ್ಯಾನ್‌ಹಾರ್ಡ್ ರಾಡ್ (ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಅಡ್ಡ ಕಂಬಿ) ತನ್ನದೇ ಬ್ರಾಕೆಟ್ಟಿಗೋ, ಟೈ ರಾಡ್ ಆಯಿಲ್ ಪೈಪಿಗೋ. ಬಳಿಕ ಒಂದು ಬದಿ ಏರಿಸಿ, ಇನ್ನೊಂದನ್ನು ಇಳಿಬಿಟ್ಟು ನೋಡಿ. ಈ ಓರೆ ನಿಲುವಿನಲ್ಲಿ ಟೈರಿನ ತಲೆ ಒಳಕ್ಕೆ ವಾಲುತ್ತದೆ. ಸಮಾನಾಂತರವಾಗಿ ಏರಿಸಿದಾಗ ಎಲ್ಲೂ ತಾಗದ ಟೈರು ಇಲ್ಲಿ ಒಳ ಮಡ್‌ಗಾರ್ಡ್ ಉಜ್ಜುತ್ತದೆ. ಮುಂದಿನ ಆಕ್ಸಲ್ ಆದರೆ ಸ್ಟಿಯರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ನೋಡಲೇಬೇಕು. ಯಾವುದೂ ತಾಗುವ ಮುಂಚೆ ಸುಮಾರು 20 ಮಿ.ಮೀ. ಜಾಗ ಉಳಿದಿರುವ ಕಡೆ ನಿಲ್ಲಿಸಿ, ಶಾಕ್‌ನ ಮೇಲಿನ ಮತ್ತು ಕೆಳಗಿನ ಮೌಂಟ್‌ಗಳ ನಡುವಿನ ದೂರ ಅಳೆಯಿರಿ. ಇದು ನಿಮ್ಮ ಮೊದಲ ಅಂಕಿ.

ಇನ್ನು ಇಳಿತ. ಇಲ್ಲಿ ಒಂದೊಂದಾಗಿ ಪರೀಕ್ಷಿಸುತ್ತ ಹೋಗಿ.

ಬ್ರೇಕ್ ಹೋಸ್ ಬಿಗಿಯಾಗುತ್ತಿದೆಯೇ? ಪೂರ್ತಿ ಇಳಿದು, ಸ್ಟಿಯರಿಂಗ್ ಪೂರ್ತಿ ತಿರುಗಿದ ಸ್ಥಿತಿಯಲ್ಲೂ ಅದರಲ್ಲಿ ಕಣ್ಣಿಗೆ ಕಾಣುವ ಸಡಿಲ ಇರಬೇಕು. ಇಲ್ಲವಾದರೆ ಉದ್ದದ ಹೋಸ್ ಹಾಕಿಸಿ. ಬ್ರಾಕೆಟ್ ಬಗ್ಗಿಸಿ ಉದ್ದ ಕದಿಯುವ ಜಾಣತನ ಬೇಡ. ಎಬಿಎಸ್ ವೈರ್ ಮತ್ತು ಡಿಫರೆನ್ಷಿಯಲ್ಲಿನ ಗಾಳಿ ಪೈಪನ್ನೂ ನೋಡಿ. ಗಾಳಿ ಪೈಪ್ ಕಳಚಿದ್ದು ಗೊತ್ತಾಗುವುದು ನೀರು ದಾಟಿ ಬಂದು ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ ಮೇಲೆ.

ಗೇರ್ ನ್ಯೂಟ್ರಲ್‌ಗೆ ಹಾಕಿ ಪ್ರೊಪೆಲ್ಲರ್ ಶಾಫ್ಟನ್ನು ಕೈಯಿಂದ ಒಂದು ಪೂರ್ತಿ ಸುತ್ತು ತಿರುಗಿಸಿ. ಸುತ್ತಿನ ಒಂದೇ ಜಾಗದಲ್ಲಿ ಕಚ್ಚಿಕೊಂಡರೆ ಯುನಿವರ್ಸಲ್ ಜಾಯಿಂಟ್‌ನ ಕೋನ ಮಿತಿ ಮೀರಿದೆ. ಆಕ್ಸಲ್ ಅಷ್ಟು ಕೆಳಗಿಳಿಯಲೇಬಾರದು. ಸ್ಲಿಪ್ ಜಾಯಿಂಟ್‌ಗೆ (ಶಾಫ್ಟ್ ಉದ್ದ ಗಿಡ್ಡವಾಗಲು ಜಾರುವ ಭಾಗ) ಸುಣ್ಣದ ಕಡ್ಡಿಯಿಂದ ಗುರುತು ಹಾಕಿ, ಏರಿಕೆ ಇಳಿತ ಎರಡರಲ್ಲೂ ಎಷ್ಟು ಜಾರಿತು ನೋಡಿ. ಇಳಿದಾಗ ಅದು ತುದಿಗೆ ಬಂದು ನಿಲ್ಲಬಾರದು, ಏರಿದಾಗ ತಳಕ್ಕೆ ಗುದ್ದಬಾರದು.

ಇದ್ಯಾವುದಾದರೂ ಮೊದಲು ತಡೆಯುವ ಜಾಗಕ್ಕಿಂತ 15 ಮಿ.ಮೀ. ಮುಂಚೆ ನಿಲ್ಲಿಸಿ ಮತ್ತೆ ಮೌಂಟ್‌ನಿಂದ ಮೌಂಟ್‌ಗೆ ಅಳೆಯಿರಿ. ಎರಡನೇ ಅಂಕಿ ಸಿಕ್ಕಿತು.

5. ಶಾಕ್, ಬಂಪ್ ಸ್ಟಾಪ್, ಸ್ಪ್ರಿಂಗ್

ಏರಿಕೆಯಲ್ಲಿ 350, ಇಳಿತದಲ್ಲಿ 640, ನಿಂತಾಗ 500 ಮಿ.ಮೀ. ಬಂತು ಎನ್ನಿ. 640ಕ್ಕಿಂತ ಉದ್ದ ಹಿಗ್ಗುವ ಶಾಕ್ ಪಟ್ಟಿಯಿಂದ ಹೊರಗೆ. ಕ್ಯಾಟಲಾಗ್‌ನಲ್ಲಿ ಮುದುಡಿದಾಗ 365, ಹಿಗ್ಗಿದಾಗ 615 ಇರುವ ಶಾಕ್ ಸಿಕ್ಕಿತು. ಇಳಿತಕ್ಕೆ ಸರಿ. ಏರಿಕೆಯಲ್ಲಿ ಆಕ್ಸಲ್ 350ರವರೆಗೆ ಬರಬಲ್ಲದು, ಶಾಕ್ ಮಾತ್ರ 365ಕ್ಕೇ ತಳ ಮುಟ್ಟುತ್ತದೆ. ಹಾಗೇ ಬಿಟ್ಟರೆ ಮೊದಲ ಗುಂಡಿಯಲ್ಲೇ ಶಾಕ್ ಬಂಪ್ ಸ್ಟಾಪ್‌ನ ಕೆಲಸ ಮಾಡಿ, ಒಳಗಿನ ವಾಲ್ವ್ ಹಾಳಾಗುತ್ತದೆ ಅಥವಾ ಮೌಂಟ್ ಕಿತ್ತುಬರುತ್ತದೆ. ಆದ್ದರಿಂದ ಶಾಕ್ ತಳ ಮುಟ್ಟುವುದಕ್ಕೆ 15 ಮಿ.ಮೀ. ಮುಂಚೆ, ಅಂದರೆ 380ರಲ್ಲಿ ಎಲ್ಲವೂ ನಿಲ್ಲುವಂತೆ ಬಂಪ್ ಸ್ಟಾಪ್ ಉದ್ದ ಮಾಡಬೇಕು. ಕೊನೆಗೆ ಉಳಿಯುವುದು ಏರಿಕೆಗೆ 120, ಇಳಿತಕ್ಕೆ 115. ಒಳ್ಳೆಯ ಹಂಚಿಕೆ. ಇಳಿತಕ್ಕೆ ಆಸೆಪಟ್ಟು ಏರಿಕೆಯನ್ನು 60-70ಕ್ಕೆ ಇಳಿಸಿಕೊಂಡ ಗಾಡಿ ಪ್ರತಿ ಹಂಪ್‌ನಲ್ಲೂ ಬೆನ್ನಿಗೆ ಒದೆಯುತ್ತದೆ.

ಬಂಪ್ ಸ್ಟಾಪ್ ಅಳೆಯುವಾಗ ಎರಡು ಎಡವಟ್ಟು ಸಾಮಾನ್ಯ. ರಬ್ಬರ್ ಆಕ್ಸಲ್‌ಗೆ ಬರೀ ತಾಗಿದ ಜಾಗವನ್ನೇ ಕೊನೆ ಎಂದುಕೊಳ್ಳುವುದು ಮೊದಲನೆಯದು. ಜೋರಾಗಿ ಬಿದ್ದಾಗ ಮಾಮೂಲಿ ರಬ್ಬರ್ ತನ್ನ ಎತ್ತರದ ಸುಮಾರು ಅರ್ಧದಷ್ಟು ಕುಸಿಯಬಹುದು, ಫೋಮ್ ಥರದವು ಇನ್ನೂ ಹೆಚ್ಚು. ಅಷ್ಟು ಕುಸಿದ ಮೇಲಿನ ಸ್ಥಿತಿಗೆ ಲೆಕ್ಕ ಹಾಕಿ. ಎರಡನೆಯದು, ಒಂದೇ ಬದಿ ಏರಿಸದೆ ಅಳೆಯುವುದು. ಬಂಪ್ ಸ್ಟಾಪ್ ಶಾಕ್‌ಗಿಂತ ಒಳಗಿದ್ದರೆ, ಓರೆಯಾಗುವಾಗ ಆಕ್ಸಲ್ ಅದರ ಮೇಲೆ ಏತದಂತೆ ತೂಗಿ, ಹೊರಗಿರುವ ಶಾಕ್ ಇನ್ನಷ್ಟು ಮುದುಡುತ್ತದೆ. ಹಾಗಾಗಿ ಓರೆ ನಿಲುವಿನ ಅಳತೆಯೇ ಅಂತಿಮ.

ಸ್ಪ್ರಿಂಗನ್ನು ಗಾಡಿ ಸದಾ ಹೊರುವ ತೂಕ ನೋಡಿ ಆರಿಸಿ. ವಿಂಚ್, ಸ್ಟೀಲ್ ಬಂಪರ್, ರೂಫ್ ಟೆಂಟ್ ಯಾವುದೂ ಇಲ್ಲದ ಗಾಡಿಗೆ ಹೆವಿ ಡ್ಯೂಟಿ ಸ್ಪ್ರಿಂಗ್ ಹಾಕುವುದು ಆರ್ಟಿಕ್ಯುಲೇಷನ್ನಿಗೆ ಬಾಗಿಲು ಹಾಕಿದಂತೆ. ಮೆದುವಾದ, ಸ್ವತಂತ್ರ ಉದ್ದ ಹೆಚ್ಚಿರುವ ಕಾಯಿಲ್ ಬೇಕು. ಪೂರ್ತಿ ಇಳಿದಾಗಲೂ ಅದು ಎರಡೂ ಸೀಟುಗಳ ನಡುವೆ ಒತ್ತಿಕೊಂಡೇ ಇರಲಿ. ಸಡಿಲಾಗಿ ಕುಣಿಯುವ ಸ್ಪ್ರಿಂಗ್ ಚಕ್ರವನ್ನು ನೆಲಕ್ಕೆ ಒತ್ತುವುದಿಲ್ಲ. ಅಲ್ಲಿಂದಾಚೆಯ ಇಳಿತ ಫೋಟೋಗೆ ಚೆಂದ, ಹಿಡಿತಕ್ಕೆ ಹೆಚ್ಚೇನೂ ಅಲ್ಲ. ಸ್ಪ್ರಿಂಗ್ ಸೀಟಿನಿಂದ ಜಾರಿ ಬೀಳುವ ಅಪಾಯ ಬೇರೆ. ಕಾಯಿಲ್ ಮೇಲೆ ಕೂರಿಸುವ ಸ್ಪೇಸರ್‌ಗಳು ಎತ್ತರ ಕೊಡುತ್ತವೆ, ಅಷ್ಟೇ. ಹಾಕಿದ್ದೀರಾದರೆ, ಪೂರ್ತಿ ಏರಿಕೆಯಲ್ಲಿ ಸ್ಪ್ರಿಂಗ್‌ನ ಸುತ್ತುಗಳು ಒಂದಕ್ಕೊಂದು ಅಂಟಿಕೊಳ್ಳುವ ಮುಂಚೆ ಬಂಪ್ ಸ್ಟಾಪ್ ತಾಗುತ್ತದೆಯೇ ಎಂದು ನೋಡಿಕೊಳ್ಳಿ. ಇನ್ನು ಲೀಫ್ ಗಾಡಿಗೆ ಉದ್ದದ ಶ್ಯಾಕಲ್ (ಲೀಫ್‌ನ ತುದಿಯನ್ನು ಚಾಸಿಸ್‌ಗೆ ಜೋಡಿಸುವ ಆಡುವ ಕೊಂಡಿ) ಒಂದನ್ನೇ ಹಾಕಿ ಕೈತೊಳೆದುಕೊಳ್ಳುವುದು ಅಡ್ಡದಾರಿ. ಅದು ಆಕ್ಸಲ್ಲಿನ ಕೋನ ಬದಲಿಸಿ ಸ್ಟಿಯರಿಂಗ್ ಅಥವಾ ಶಾಫ್ಟ್ ಜಾಯಿಂಟ್ ಮೇಲೆ ಸೇಡು ತೀರಿಸಿಕೊಳ್ಳುತ್ತದೆ.

ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್ ಇರುವವರಿಗೆ: ಸಿವಿ ಜಾಯಿಂಟ್ (ಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟ್‌ನ ಮಡಿಚುವ ಕೀಲು) ಕೋನ ಮತ್ತು ಮೇಲಿನ ಬಾಲ್ ಜಾಯಿಂಟ್ ನಿಮ್ಮ ಮಿತಿ. ಸ್ಟ್ರಟ್ ಮೇಲೆ ಸ್ಪೇಸರ್ ಇಟ್ಟೋ ಟಾರ್ಷನ್ ಬಾರ್ ತಿರುಚಿಯೋ ಎತ್ತರಿಸಿದಷ್ಟೂ ನಿಂತ ಜಾಗದಿಂದ ಇಳಿಯುವ ದೂರ ಕರಗುತ್ತದೆ. ಮುಂದೆ ಅತಿ ಎತ್ತರಕ್ಕೆ ಹೋಗದೆ, ಸ್ವೇ ಬಾರ್ ಬಿಚ್ಚಿ, ಹಿಂದಿನ ಆಕ್ಸಲ್‌ಗೆ ದುಡ್ಡು ಹಾಕಿ.

6. ಜೋಡಣೆ

ಬಿಚ್ಚಿದ ಕ್ರಮಕ್ಕೆ ಉಲ್ಟಾ. ಬುಷ್ ಬೋಲ್ಟ್‌ಗಳಿಗೆ ಮಾತ್ರ ಬೇರೆ ನಿಯಮ: ಕಂಟ್ರೋಲ್ ಆರ್ಮ್, ಪ್ಯಾನ್‌ಹಾರ್ಡ್, ಲೀಫ್ ಕಣ್ಣು, ಶ್ಯಾಕಲ್ ಇವುಗಳನ್ನು ಗಾಡಿ ಗಾಳಿಯಲ್ಲಿರುವಾಗ ಕೈಬಿಗಿತಕ್ಕೆ ಬಿಡಿ. ನೆಲಕ್ಕೆ ಇಳಿಸಿ, ಬಾನೆಟ್ ಮೇಲೆ ಕೈಯೂರಿ ನಾಲ್ಕು ಬಾರಿ ಅದುಮಿದ ಮೇಲೆ ಟಾರ್ಕ್ ರೆಂಚ್‌ನಲ್ಲಿ ಪೂರ್ತಿ ಬಿಗಿಯಿರಿ. ಜೋತುಬಿದ್ದ ಸ್ಥಿತಿಯಲ್ಲಿ ಬಿಗಿದ ರಬ್ಬರ್ ಬುಷ್ ಗಾಡಿ ನಿಂತಿದ್ದಾಗಲೂ ತಿರುಚಿಕೊಂಡೇ ಇರುತ್ತದೆ. ಗಾಡಿ ಒರಟಾಗುತ್ತದೆ, ಬುಷ್ ಬೇಗ ಹರಿಯುತ್ತದೆ, ತಪ್ಪು ಹೊಸ ಸ್ಪ್ರಿಂಗ್‌ನ ತಲೆಗೆ ಬರುತ್ತದೆ.

ಲಿಫ್ಟ್ ಆದ ಗಾಡಿಯಲ್ಲಿ ಪ್ಯಾನ್‌ಹಾರ್ಡ್ ರಾಡ್ ಆಕ್ಸಲ್ಲನ್ನು ಒಂದು ಪಕ್ಕಕ್ಕೆ ಎಳೆದಿರುತ್ತದೆ. ಎರಡೂ ಬದಿ ಚಾಸಿಸ್‌ನಿಂದ ಟೈರಿಗೆ ಅಳೆದು ನೋಡಿ, ವ್ಯತ್ಯಾಸ ಹೆಚ್ಚಿದ್ದರೆ ಉದ್ದ ಹೊಂದಿಸಬಹುದಾದ ರಾಡ್ ಹಾಕಿ. ಅಲೈನ್‌ಮೆಂಟ್ ಮಾಡಿಸಿ. ಸುಮಾರು 500 ಕಿ.ಮೀ. ಓಡಿದ ಮೇಲೆ ಯು-ಬೋಲ್ಟ್ ಸೇರಿ ಎಲ್ಲ ಬೋಲ್ಟ್ ಮತ್ತೊಮ್ಮೆ ಬಿಗಿಯಿರಿ.

ಹೊಸ ಶಾಕ್‌ನ ರಾಡ್ ತೆರೆದಿರುವ ಮಾದರಿಯಾದರೆ, ಅದಕ್ಕೊಂದು ಪ್ಲಾಸ್ಟಿಕ್ ಕೇಬಲ್ ಟೈ ಮೆಲ್ಲಗೆ ಬಿಗಿದು, ಶಾಕ್‌ನ ಸೀಲ್‌ವರೆಗೆ ಸರಿಸಿ ಬಿಡಿ. ಶಾಕ್ ಮುದುಡಿದಷ್ಟೂ ಅದು ರಾಡ್ ಉದ್ದಕ್ಕೆ ತಳ್ಳಿಸಿಕೊಂಡು ಹೋಗಿ ಅಲ್ಲೇ ನಿಲ್ಲುತ್ತದೆ. ಒಂದು ಕಷ್ಟದ ಹಾದಿ ಮುಗಿಸಿ ಬಂದಾಗ ಆ ಕೇಬಲ್ ಟೈ ಶಾಕ್‌ನ ರಾಡಿನ ತುದಿಗೇ ಹೋಗಿ ಜಜ್ಜಿಹೋಗಿದ್ದರೆ ಬಂಪ್ ಸ್ಟಾಪ್ ಇನ್ನೂ 10-15 ಮಿ.ಮೀ. ಉದ್ದವಾಗಬೇಕು.